ಮುಸುಕಿನೊಳಗೆ ಕಂಡ ಹವಳದ ತೋಟ

ಜಮುನಾಬಾಯಿ ಗೋವಾಕ್ಕೆ ಬಂದ ಮೊದಲ ವರ್ಷವೆಲ್ಲ ಸಮುದ್ರಕ್ಕೆ ಬೆನ್ನು ಹಾಕಿಯೇ ಕೂತಳು. ವಿಜಾಪುರದ ಕಡೆಯ ತಾಂಡಾದಲ್ಲಿ ಹುಟ್ಟಿ ಬೆಳೆದ ಲಂಬಾಣಿ ಹೆಂಗಸು. ನೀರೆಂದರೆ ಅವಳಿಗೆ ತಲೆಯ ಮೇಲೆ ಹೊತ್ತು ತರುವ ವಸ್ತು. ಯಾರಿಂದಲೂ ಹೊರಲಾಗದಷ್ಟು ನೀರು ಒಂದೇ ಕಡೆ ಬಿದ್ದುಕೊಂಡು ಹಗಲಿಡೀ ಗುಲ್ಲೆಬ್ಬಿಸುವುದನ್ನು ನೋಡಿದರೆ ಅವಳಿಗೆ ತಲೆ ಗಿರ್ ಅನ್ನುತ್ತಿತ್ತು. ಬೋಗ್ಮಾಳೊ ದಂಡೆಯ ಮರಳಿನಲ್ಲಿ ಹಳೆಯ ಸೀರೆ ಹಾಸಿ, ಕನ್ನಡಿ ಕೂರಿಸಿದ ಚೀಲಗಳನ್ನೂ ಕವಡೆ ಕಟ್ಟಿದ ಸೊಂಟಪಟ್ಟಿಗಳನ್ನೂ ಹರಡಿ, ತೆಂಗಿನ ಮರಗಳ ಕಡೆ ಮುಖ ಮಾಡಿ ಕೂತು ಸೂಜಿ ಆಡಿಸುತ್ತಿದ್ದಳು. ಗಂಡ ರೂಪಲಪ್ಪ ಫಾತೋರ್ಡಾದ ಕಟ್ಟಡಗಳಲ್ಲಿ ಕಿಟಕಿಗೆ ಗಾಜು ಕೂರಿಸುವ ಕೆಲಸಕ್ಕೆ ಹೋಗುತ್ತಿದ್ದ. ಝುವಾರಿನಗರದಲ್ಲಿ ಒಂದು ಬಾಡಿಗೆ ಖೋಲಿ, ಅದರ ಗೂಡಿನಲ್ಲಿ ಸೇವಾಲಾಲ ಮಹಾರಾಜರ ಪಟ, ಮರಿಯಮ್ಮನ ಮುಂದೆ ಒಂದು ದೀಪ. ಸಂಸಾರ ಹಾಗೆ ಸಾಗಿತ್ತು.

ಆ ದಂಡೆಯಿಂದ ಎದುರಿನ ನಡುಗಡ್ಡೆಗೆ ದೋಣಿಗಳು ಹೋಗುತ್ತಿದ್ದವು. ಮುಂಜಾನೆ ಹೋದವರು ಮಧ್ಯಾಹ್ನ ಒದ್ದೆ ತಲೆಯಲ್ಲಿ ಮರಳಿ ಬರುವರು; ಮೈ ಒರೆಸಿಕೊಳ್ಳುತ್ತ ಅವಳ ಸೀರೆಯ ಪಕ್ಕದಲ್ಲೇ ನಿಂತು ಮಾತಾಡುವರು. ನೀರಿನ ಕೆಳಗೆ ತೋಟ ಇದೆಯಂತೆ. ಕಲ್ಲಿನಂತಿದ್ದರೂ ಕಲ್ಲಲ್ಲ, ಜೀವ ಇರುವ ಹವಳ. ಕೆಲವು ತಟ್ಟೆಯ ಹಾಗೆ, ಕೆಲವು ಕೋಸುಗಡ್ಡೆಯ ಹಾಗೆ, ಕೆಲವು ಜಿಂಕೆಯ ಕೊಂಬಿನ ಹಾಗೆ. ಅದರ ಸಂದಿಯಲ್ಲಿ ಹಳದಿ ಪಟ್ಟಿಯ ಮೀನು, ನೀಲಿ ಮೀನು, ಗಿಳಿಯಂತೆ ಕೊಕ್ಕಿರುವ ಮೀನು. ಜಮುನಾಬಾಯಿ ಸೂಜಿ ಆಡಿಸುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಎರಡನೇ ವರ್ಷ ಅವಳು ಸಮುದ್ರಕ್ಕೆ ಓರೆಯಾಗಿ ಕೂತಳು. ಅದರ ಮುಂದಿನ ವರ್ಷ ನೇರವಾಗಿ ಅದಕ್ಕೇ ಮುಖ ಮಾಡಿದಳು.

ಎರಡು ಸಾವಿರದ ಏಳರ ಚಳಿಗಾಲದಲ್ಲಿ ಅವಳ ಅತ್ತೆ ಭೂರಿಬಾಯಿ ಮಗನ ಮನೆಯಲ್ಲಿ ಕೆಲವು ದಿನ ಇದ್ದು ಹೋಗಲು ಬಂದಳು. ಬಾಯಲ್ಲಿ ನಾಲ್ಕಾರೇ ಹಲ್ಲು ಉಳಿದಿದ್ದರೂ ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆಯದ ಮುದುಕಿ. ದಂಡೆಯ ಮೇಲೆ ಸೊಸೆಯ ಪಕ್ಕ ಕೂತು ಸೊಂಟಪಟ್ಟಿಗೆ ಕವಡೆ ಹೊಲಿಯುತ್ತಿದ್ದವಳು ಒಂದು ದಿನ ಅಂದಳು, “ನೋಡ, ಈ ಕವಡಿ ಗಿಡ ಸಮುದ್ರದಾಗ ಎಲ್ಲೈತಿ, ಇಲ್ಲಿಂದ ಕಾಣತೈತೇನು?”

“ಗಿಡ ಅಲ್ಲ ಯಾಡಿ, ಅದು ಹುಳ. ಜೀವ ಐತಂತ.” ಯಾಡಿ ಎಂದರೆ ಲಂಬಾಣಿ ಮಾತಿನಲ್ಲಿ ತಾಯಿ. ಜಮುನಾಬಾಯಿಗೆ ಅತ್ತೆಯೂ ಯಾಡಿ, ಮರಿಯಮ್ಮನೂ ಯಾಡಿ.

ಭೂರಿಬಾಯಿಯ ಸೂಜಿ ನಿಂತಿತು. “ಯಾರ ಹೇಳಿದ್ರು ನಿನಗ?”

“ನಡುಗಡ್ಡಿಗೆ ಹೋಗಿ ಬಂದವ್ರು. ಆ ಹವಳದ ಸಂದ್ಯಾಗ ಹರಿದಾಡತೈತಂತ.”

“ಹುಳ ಆಗಿದ್ರ ಈಟು ನುಣುಪು ಹ್ಯಾಂಗ ಬರತೈತಿ? ಇದು ಗಿಡದ ಕಾಯಿ. ನಮ್ಮವ್ವ ಹೇಳಿದ್ದು.” ಹಾಗೆ ಹೇಳಿದಳೇ ಹೊರತು ಕೈಯಲ್ಲಿದ್ದ ಕವಡೆಯನ್ನು ತಿರುವಿ ತಿರುವಿ ನೋಡಿದಳು. ಮದುವೆಯ ಲಂಗಕ್ಕೆ, ನೀರಿನ ಕೊಡದ ಸಿಂಬಿಗೆ, ದೇವಿಗೆ ಒಪ್ಪಿಸುವ ಬಟ್ಟೆಗೆ, ಬುದ್ಧಿ ತಿಳಿದಾಗಿನಿಂದ ಹೊಲಿದದ್ದೇ ಅದನ್ನು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು, “ಖರೇನ ಜೀವ ಐತಿ ಅಂದ್ರ ಒಮ್ಮೆರ ನೋಡಬೇಕಲ್ಲವ್ವಾ. ಹೋಳಿ ಹುಣ್ಣಿವಿಗೆ ತಾಂಡಾಕ್ಕ ಹೋಗೂದ್ರಾಗ ನನಗೊಮ್ಮೆ ತೋರಸ್ತೀಯೇನು?”

ಅತ್ತೆ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. “ತೋರಸ್ತೀನಿ ಯಾಡಿ,” ಅಂದಳು ಜಮುನಾಬಾಯಿ. ಹೇಗೆಂಬುದು ಅವಳಿಗೇ ಗೊತ್ತಿರಲಿಲ್ಲ.

ದೋಣಿಯವರಲ್ಲಿ ಕಾಯ್ತಾನ್ ಎಂಬವನು ಅವಳಿಗೆ ಚೆನ್ನಾಗಿ ಗೊತ್ತಿದ್ದವನು. ಅವನ ದೋಣಿಯ ನೆರಳಿನ ಬಟ್ಟೆ ಹರಿದಾಗಲೆಲ್ಲ ಹೊಲಿದು ಕೊಡುತ್ತಿದ್ದವಳು ಇವಳೇ. ದೋಣಿ ದೂಡಲು ಬರುವ ನಮ್ಮ ಕಡೆಯ ಕೂಲಿಗಳಿಂದ ಅವನು ತನ್ನದೇ ಒಂದು ಕನ್ನಡ ಕಲಿತಿದ್ದ. ಜಮುನಾಬಾಯಿ ಕೇಳಿದ್ದಕ್ಕೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಕೆನ್ನೆಯ ಎರಡೂ ಕಡೆ ಇಳಿಬಿದ್ದ ಬೆಳ್ಳಿಯ ಘುಗ್ರಿ, ತೋಳಿನ ತುಂಬ ಬಿಳಿ ಬಲಿಯಾ ಬಳೆ, ಕನ್ನಡಿಗಳ ಭಾರಕ್ಕೆ ಜಗ್ಗುವ ಲಂಗ.

“ಅದೆಲ್ಲ ತೆಗೆದಿಟ್ಟು ಬಾ ಗೋ. ಜಾಕೀಟು, ಮುಖವಾಡ ಕೊಡ್ತೇನೆ. ನೀರಿಗೆ ಇಳಿ, ನೋಡು.”

“ಅಯ್ಯ! ಬಲಿಯಾ ಹ್ಯಾಂಗ ತಗೀಲಿ ಬಾಬ್? ನನ್ನ ಗಂಡ ಗಟ್ಟಿಮುಟ್ಟಿ ಇದ್ದಾನ.”

“ಹಂಗಾದ್ರೆ ಇಳಿಸೂದಿಲ್ಲ. ಅದು ನನ್ನ ಕಾನೂನು ಅಲ್ಲ, ಸಮುದ್ರದ ಕಾನೂನು. ಬೆಳ್ಳಿ ಇದ್ರೂ ಮುಳುಗ್ತದೆ, ಬೆಳ್ಳಿ ಹಾಕಿದ ಹೆಂಗಸು ಇದ್ರೂ ಮುಳುಗ್ತದೆ. ಮತ್ತೆ ಮುದುಕಿಯನ್ನು ನೀರಿಗೆ ಹಾಕಿದ್ರೆ ನಮ್ಮ ಪಾದ್ರಿ ನನ್ನನ್ನು ಇಗರ್ಜಿಯಿಂದ ಹೊರಗೆ ಹಾಕ್ತಾನೆ.”

ಆದರೂ ಜನ ಕಡಿಮೆಯಿದ್ದ ಒಂದು ದಿನ ಅವನು ಇಬ್ಬರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹೋದ. ಹತ್ತುವ ಮೊದಲು ಭೂರಿಬಾಯಿ ಬಾಗಿ, ಅಂಗೈಯಲ್ಲಿ ನೀರು ತೆಗೆದುಕೊಂಡು ಹಣೆಗೆ ಮುಟ್ಟಿಸಿದಳು. ಸಮುದ್ರವೂ ಅವಳಿಗೆ ಯಾಡಿಯೇ. ನಡುಗಡ್ಡೆಯ ಮಗ್ಗುಲಿನ ಕೊಲ್ಲಿಯಲ್ಲಿ ಲಂಗರು ಹಾಕಿದ ಮೇಲೆ ಪ್ರವಾಸಿಗಳು ಧುಮುಧುಮು ಇಳಿದರು. ತಲೆ ಎತ್ತಿದವರೆಲ್ಲ ಕೂಗುವವರೇ. “ಅಲ್ಲಿ ನೋಡು, ಇಲ್ಲಿ ನೋಡು!” ದೋಣಿಯ ಅಂಚು ಹಿಡಿದು ಬಗ್ಗಿದ ಅತ್ತೆ ಸೊಸೆಗೆ ಕಂಡದ್ದು ಬಿಸಿಲಿನ ಥಳಕು ಮಾತ್ರ. ಅದರ ಕೆಳಗೆ ಏನೋ ಕಪ್ಪಗೆ, ಏನೋ ಹಸಿರಾಗಿ ಅಲುಗುತ್ತಿತ್ತು. ತೊಳೆಯಲು ನೆನೆಹಾಕಿದ ಬಟ್ಟೆಯೇ ಆಗಿದ್ದರೂ ಹಾಗೇ ಕಾಣುತ್ತಿತ್ತು.

ತಿರುಗಿ ಬರುವಾಗ ಭೂರಿಬಾಯಿ ಒಂದೇ ಮಾತು ಅಂದಳು: “ಊಟಕ್ಕ ಕರದು ಎಲಿ ಹಾಕಲಿಲ್ಲ ನೋಡು.”

ಆ ಮಾತು ಜಮುನಾಬಾಯಿಯ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಸಂಜೆ ರೊಟ್ಟಿ ತಟ್ಟುತ್ತ ಗಂಡನಿಗೆ ಎಲ್ಲವನ್ನೂ ಹೇಳಿದಳು. “ನೀರಿಗೆ ಇಳದವ್ರ ಕಣ್ಣೀಗೆ ಗಾಜು ಇರತೈತ್ರಿ. ಅದಕ್ಕ ಕಾಣತೈತಿ. ಗಾಜು ನೀರಾಗ ಇರಬೇಕು, ನಾವು ಹೊರಗಿರಬೇಕು. ಹಂಗ ಆಗೂದಿಲ್ಲೇನು?”

ರೂಪಲಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮೂಲೆಯಲ್ಲಿದ್ದ ನೀರಿನ ಬಕೆಟ್ಟನ್ನೇ ನೋಡಿದ. ಕಟ್ಟಡದಿಂದ ತಂದ ಬಿಳಿಯ ಪೇಂಟಿನ ಬಕೆಟ್ಟು ಅದು. “ತಳಾ ಕೊರದು ಗಾಜು ಕುಂದರಿಸಿದ್ರ?” ಎಂದ.

“ಸೋರತೈತಿ.”

“ಮಳಿಗಾಲದಾಗ ನಾ ಕುಂದರಿಸಿದ ಕಿಟಕಿ ಒಂದರ ಸೋರಿದ್ದು ಕೇಳಿಯೇನು?”

ಭಾನುವಾರ ಅವನು ಬಕೆಟ್ಟಿನ ತಳವನ್ನು ಅಂಚು ಬಿಟ್ಟು ಗುಂಡಗೆ ಕೊರೆದ. ಕಿಟಕಿಯ ಗಾಜಿನ ತುಂಡೊಂದನ್ನು ಕೆಳಗಿನಿಂದ ಒತ್ತಿ, ಕಿಟಕಿಗೆ ಹಚ್ಚುವ ಸಿಲಿಕಾನನ್ನು ಸುತ್ತಲೂ ತುಂಬಿ ಒಣಗಲು ಇಟ್ಟ. ಖೋಲಿಯಲ್ಲಿ ನೀರು ಹೊರಲು ಇದ್ದದ್ದು ಅದೊಂದೇ ಬಕೆಟ್ಟು. “ಇನ್ನ ನಾವು ನೀರು ತರೂದು ಕಿಟಕ್ಯಾಗೇನು?” ಎಂದು ಭೂರಿಬಾಯಿ ಕೇಳಿದರೂ, ಸಿಲಿಕಾನ್ ಒಣಗಿತೋ ಇಲ್ಲವೋ ಎಂದು ಪದೇ ಪದೇ ಬೆರಳಿಟ್ಟು ನೋಡಿದವಳೂ ಅವಳೇ.

ಮುಂದಿನ ಸಲ ಕಾಯ್ತಾನನ ದೋಣಿ ಹತ್ತಿದಾಗ ಬಕೆಟ್ಟು ಜಮುನಾಬಾಯಿಯ ಕಂಕುಳಲ್ಲಿತ್ತು. ಕೊಲ್ಲಿಯಲ್ಲಿ ದೋಣಿ ನಿಂತ ಮೇಲೆ ಅದರ ತಳವನ್ನು ನೀರಿನಲ್ಲಿ ಇಳಿಸಿ, ಹೊಟ್ಟೆಯನ್ನು ದೋಣಿಯ ಅಂಚಿಗೆ ಒತ್ತಿ ಒಳಗೆ ಇಣುಕಿದಳು. ಹನಿ ನೀರೂ ಸೋರಲಿಲ್ಲ. ಆದರೆ ಗಾಜಿನಲ್ಲಿ ನೂರಾರು ಬೆಳಕಿನ ಚುಕ್ಕಿಗಳು ಕುಣಿಯುತ್ತಿದ್ದವು. ಅವುಗಳ ನಡುವೆ ಒಂದು ಮೂಗುತಿ, ಎರಡು ಘುಗ್ರಿ, ಬೆಪ್ಪಾದ ಒಂದು ಮುಖ. ಅವಳು ಹೊಲಿದು ಹೊಲಿದು ರವಿಕೆಯ ತುಂಬ ಕೂರಿಸಿಕೊಂಡಿದ್ದ ಕನ್ನಡಿಗಳೇ ಬಿಸಿಲನ್ನು ಹಿಡಿದು ಬಿಳಿಯ ಬಕೆಟ್ಟಿನೊಳಗೆ ಚೆಲ್ಲುತ್ತಿದ್ದವು. ಆಚೆ ಬಗ್ಗಿದರೂ ಅಷ್ಟೇ, ಈಚೆ ಬಗ್ಗಿದರೂ ಅಷ್ಟೇ.

“ಏನು ಕಂಡ್ತು ಗೋ?” ಕಾಯ್ತಾನ್ ಕೇಳಿದ.

“ನಾನ ಕಂಡೆ,” ಅಂದಳು ಜಮುನಾಬಾಯಿ.

ಕಾಯ್ತಾನ್ ಬಿದ್ದು ಬಿದ್ದು ನಕ್ಕ. “ನಿನ್ನ ಮುಖ ನೋಡ್ಲಿಕ್ಕೆ ಇಷ್ಟು ದೂರ ಯಾಕೆ ಬಂದೆ? ಖೋಲಿಯಲ್ಲಿ ಕನ್ನಡಿ ಇಲ್ಲವಾ?” ದಂಡೆಗೆ ಬಂದ ಮೇಲೆ ಈ ಸುದ್ದಿ ಉಳಿದ ಲಂಬಾಣಿ ಹೆಂಗಸರ ಬಾಯಿಗೂ ಬಿತ್ತು. ಪಕ್ಕದಲ್ಲಿ ಕೂರುವ ಚಂದ್ರಿಬಾಯಿ ಗಿರಾಕಿಗಳಿಲ್ಲದ ಹೊತ್ತಿಗೆಲ್ಲ, “ಜಮುನಾ, ನಿನ್ನ ಬಕೀಟ ಕೊಡ, ಬೈತಲಿ ತಗೊಳ್ತೀನಿ,” ಎಂದು ಕೆಣಕುತ್ತಿದ್ದಳು.

ಜಮುನಾಬಾಯಿ ತಾನೂ ನಕ್ಕಳು. ಆದರೆ ಮುಂಜಾನೆ ದೀಪ ಹಚ್ಚುವಾಗ ಮರಿಯಮ್ಮನ ಮುಂದೆ ಒಂದು ಗಳಿಗೆ ಹೆಚ್ಚು ನಿಂತಳು. ತನಗಾಗಿ ಅವಳು ಏನನ್ನೂ ಬೇಡುವವಳಲ್ಲ. ಅಂದು ಮಾತ್ರ, “ಯಾಡಿ, ಮಾತು ಕೊಟ್ಟೇನಿ,” ಅಂದಳು. ಅಷ್ಟೇ ಅಂದಳು.

ಹೋಳಿ ಹತ್ತಿರವಾಯಿತು. ಭೂರಿಬಾಯಿಯನ್ನು ಕರೆದೊಯ್ಯಲು ತಾಂಡಾದಿಂದ ದೇವಪ್ಪ ಬಂದ. ಅವನು ಭೂರಿಬಾಯಿಯ ಗಂಡನ ಅಣ್ಣ, ರೂಪಲಪ್ಪನ ದೊಡ್ಡಪ್ಪ. ಭೂರಿಬಾಯಿಯ ಗಂಡ ತೀರಿಕೊಂಡ ಮೇಲೆ ಮನೆಗೆ ಹಿರಿಯನೆಂದರೆ ಅವನೇ. ತಲೆಯ ಮೇಲೆ ಕೊಡದಷ್ಟು ದೊಡ್ಡ ಕೆಂಪು ರುಮಾಲು, ಅದರ ಕೆಳಗೆ ಬಿಳಿಯ ಗಿರಿಜಾ ಮೀಸೆ. ಅವನು ಬಾಗಿಲಿಗೆ ಬಂದದ್ದೇ ತಡ, ಅತ್ತೆ ಸೊಸೆ ಇಬ್ಬರ ಮುಸುಕೂ ಎದೆಯವರೆಗೆ ಇಳಿದವು. ಹಿರಿಯರ ಎದುರು ಮುಖ ತೋರಿಸುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಇದು ತಾಂಡಾದ ರೀತಿ.

“ನಾಳಿ ಸಂಜಿ ಬಸ್ಸಿಗೆ ಹೋಗೂದು,” ಎಂದ ದೇವಪ್ಪ. ಅವನ ಮಾತೆಂದರೆ ಅದಕ್ಕೆ ತಿದ್ದುಪಡಿಯಿಲ್ಲ.

ಮುಸುಕಿನ ಒಳಗಿನಿಂದ ಜಮುನಾಬಾಯಿ ಗಂಡನ ಕಡೆ ತಿರುಗಿದಳು. “ದೊಡ್ಡ ಮಾವನೋರಿಗೆ ಹೇಳ್ರಿ, ನಾಳಿ ಮುಂಜಾನೆ ನಡುಗಡ್ಡಿಗೆ ಹೋಗಿ ಬಂದು ಆಮ್ಯಾಲ ಬಸ್ಸಂತ.”

“ನಡುಗಡ್ಡ್ಯಾಗ ಏನೈತಿ?” ದೇವಪ್ಪ ಗೋಡೆಗೆ ಕೇಳಿದ.

“ಕವಡಿ ಐತಂತ ಹೇಳ್ರಿ. ಜೀವಂತ.”

“ಹೆಂಗಸರ ತಲಿ,” ಎಂದ ದೇವಪ್ಪ. ಆದರೆ ಸಮುದ್ರದ ಮೇಲೆ ದೋಣಿಯಲ್ಲಿ ಹೋಗಿ ಬಂದೆ ಎಂದು ತಾಂಡಾದ ಕಟ್ಟೆಯ ಮೇಲೆ ಹೇಳುವ ಆಸೆ ಅವನಿಗೂ ಇತ್ತು. ಬೇಡ ಅನ್ನಲಿಲ್ಲ.

ಮಾರನೆಯ ದಿನ ಗಾಳಿಯಿರಲಿಲ್ಲ. ನೀರು ಎಣ್ಣೆ ಸವರಿದಂತೆ ಮಲಗಿತ್ತು. ದೋಣಿಯ ಹಿಂದುಗಡೆ ದೇವಪ್ಪ ಎರಡೂ ಕೈಗಳಿಂದ ಹಲಗೆ ಹಿಡಿದು, ಯಾರಿಗೂ ಹೆದರದವನ ಹಾಗೆ ಕೂತಿದ್ದ. ಮುಂದುಗಡೆ ಅತ್ತೆ ಸೊಸೆ ಮುಸುಕು ಹಾಕಿಕೊಂಡು ಎರಡು ಬಟ್ಟೆಯ ಗಂಟುಗಳ ಹಾಗೆ ಕೂತಿದ್ದರು, ನಡುವೆ ರೂಪಲಪ್ಪ. ಕಾಯ್ತಾನ್ ಅಂದು ದೋಣಿಯನ್ನು ನಡುಗಡ್ಡೆಯ ಬಂಡೆಗಳ ಹತ್ತಿರಕ್ಕೆ, ನೀರು ಎದೆಮಟ್ಟಕ್ಕಿರುವಲ್ಲಿಗೆ ಒಯ್ದು ನಿಲ್ಲಿಸಿದ.

ಜಮುನಾಬಾಯಿ ಬಕೆಟ್ಟು ಇಳಿಸಿದಳು. ರವಿಕೆಯ ಕನ್ನಡಿಗಳ ಹಾವಳಿ ಅವಳಿಗೆ ನೆನಪಿತ್ತು. ಹಿಂದಿನ ಸಂಜೆಯಿಂದ ಅದಕ್ಕೊಂದು ದಾರಿ ಹುಡುಕಿಯೂ ಸಿಕ್ಕಿರಲಿಲ್ಲ. ಆದರೂ ಬಗ್ಗಿದಳು. ಬಗ್ಗುವಾಗ ಮುಸುಕನ್ನು ಹಿಂದಕ್ಕೆ ಸರಿಸಬೇಕೆಂದು ಕೈ ಎತ್ತಿದವಳು ಹಿಂದೆ ದೊಡ್ಡ ಮಾವ ಕೂತಿರುವುದು ನೆನಪಾಗಿ ಕೈ ಇಳಿಸಿದಳು. ದಪ್ಪ ಬಟ್ಟೆಯ ಮುಸುಕು ಅವಳ ತಲೆಯಿಂದ ಇಳಿಬಿದ್ದು ಮುಖದ ಸುತ್ತ ಬಕೆಟ್ಟಿನ ಬಾಯಿಯನ್ನೆಲ್ಲ ಮುಚ್ಚಿತು. ಬಿಸಿಲು ಹೊರಗೇ ಉಳಿಯಿತು. ಕನ್ನಡಿಗಳೆಲ್ಲ ಒಮ್ಮೆಗೇ ಆರಿದವು.

ಆಮೇಲೆ ಕೆಳಗೆ ಬೆಳಗಾಯಿತು.

ಗಾಜೇ ಇಲ್ಲವೇನೋ ಎಂಬಂತೆ, ಕೈ ಚಾಚಿದರೆ ಸಿಗುವ ಹಾಗೆ, ಹಳದಿ ಬಣ್ಣದ ಹವಳದ ತಟ್ಟೆಗಳು ಒಂದರ ಮೇಲೊಂದು ಅಂಚು ಚಾಚಿಕೊಂಡು ನಿಂತಿದ್ದವು, ಹಬ್ಬದ ದಿನ ರೊಟ್ಟಿ ಒಟ್ಟಿದ ಹಾಗೆ. ಅವುಗಳ ಪಕ್ಕದಲ್ಲಿ ಗುಂಡಗಿನ ಒಂದು ಹವಳ. ಅದರ ಮೈಮೇಲೆಲ್ಲ ಯಾರೋ ಬಿಡುವಾಗಿ ಕೂತು ಹೊಲಿದಂಥ ಸುತ್ತು ಸುತ್ತಿನ ಗೆರೆಗಳು. ಕಪ್ಪು ಪಟ್ಟಿಯ ಮೀನುಗಳ ಒಂದು ಹಿಂಡು ಬಂದು, ಅವಳನ್ನು ನೋಡಿ, ಏನೂ ಅನ್ನಿಸದೆ ತಿರುಗಿ ಹೋಯಿತು. ಸಂದಿಯೊಂದರಲ್ಲಿ ಹೂವಿನಂಥದ್ದೇನೋ ಅರಳಿ, ಮೀನಿನ ನೆರಳು ಬಿದ್ದೊಡನೆ ಮುಚ್ಚಿಕೊಂಡಿತು.

ಜಮುನಾಬಾಯಿ ಅಲುಗದೆ ಬಗ್ಗಿದ್ದನ್ನು ಕಂಡು ರೂಪಲಪ್ಪ ಗಾಬರಿಯಾದ. “ಏ, ಏನಾತ? ತಲಿ ತಿರಗಾಕತ್ತೇತೇನು?”

“ಯಾಡಿ,” ಬಕೆಟ್ಟಿನೊಳಗಿನಿಂದ ಅವಳ ದನಿ ಬಂತು. “ಯಾಡಿ, ಲಗೂನ ಬಾ. ಮುಸುಕು ತಗೀಬ್ಯಾಡ. ಮುಸುಕು ಹಾಕ್ಕೊಂಡ ಬಾ!”

ಭೂರಿಬಾಯಿ ತೆವಳಿಕೊಂಡು ಬಂದಳು. ಸೊಸೆ ಬಕೆಟ್ಟು ಹಿಡಿದಳು, ಮಗ ತಾಯಿಯ ಸೊಂಟ ಹಿಡಿದ. ಮುದುಕಿಯ ತಲೆ ಬಟ್ಟೆಯೊಳಗೆ ಮರೆಯಾಯಿತು. ಕಾಯ್ತಾನ್ ಕೋಲಿನಿಂದ ದೋಣಿಯನ್ನು ಮೆಲ್ಲನೆ, ಅಂಗುಲ ಅಂಗುಲವಾಗಿ ಬಂಡೆಯ ಪಕ್ಕ ಸರಿಸಿದ. “ಆ ಚಪ್ಪಟೆ ಹವಳದ ಕೆಳಗೆ ನೋಡು ಆಜಿ,” ಎಂದ. “ನೆರಳಲ್ಲಿ. ಅದು ಬೆಳಕಿಗೆ ನಾಚ್ತದೆ.”

“ಅಯ್ಯ, ನನ್ನವ್ವ!” ಎಂದಳು ಭೂರಿಬಾಯಿ.

ಕವಡೆ ಅಲ್ಲಿತ್ತು. ಅವಳ ಹೆಬ್ಬೆರಳಿಗಿಂತ ದೊಡ್ಡದು, ಚುಕ್ಕಿ ಚುಕ್ಕಿಯದು, ಕಲ್ಲಿಗೆ ಅಂಟಿಕೊಂಡು ಹೋಗುತ್ತಿದೆಯೋ ಇಲ್ಲವೋ ಎಂಬಂತೆ ಹೋಗುತ್ತಿತ್ತು. ಅದರ ಎರಡೂ ಮಗ್ಗುಲಿನಿಂದ ತೆಳ್ಳಗಿನ ಕಂದು ಚರ್ಮವೊಂದು ಮೇಲೆದ್ದು ಬೆನ್ನನ್ನು ಅರ್ಧ ಮುಚ್ಚಿತ್ತು. ಮುಚ್ಚಿದ ಕಡೆ ಮೆತ್ತಗೆ, ತೆರೆದ ಕಡೆ ಕನ್ನಡಿಯಂತೆ ನುಣುಪು.

“ಮುಸುಕು ಹಾಕ್ಕೊಂಡೈತಿ!” ಭೂರಿಬಾಯಿ ಬಟ್ಟೆಯೊಳಗಿನಿಂದ ಕೂಗಿದಳು. “ಜಮುನಾ, ಕವಡಿ ಮುಸುಕು ಹಾಕ್ಕೊಂಡೈತೇ!”

“ಅದೇ ಬಟ್ಟೆ ಅದನ್ನು ಉಜ್ಜಿ ಉಜ್ಜಿ ನುಣುಪು ಮಾಡ್ತದೆ,” ಎಂದ ಕಾಯ್ತಾನ್.

“ಅದಕ್ಯಾಕ ಮುಸುಕು? ಅದಕ್ಕ ಹಿರಿಯರು ಯಾರದಾರ?” ರೂಪಲಪ್ಪ ಕೇಳಿದ.

“ಇದ್ದಾರಲ್ಲೋ, ದೋಣಿ ಹಿಂದ ಕುಂತಾರ,” ಅಂದಳು ಭೂರಿಬಾಯಿ.

ಮದುವೆಯಾಗಿ ಬಂದ ದಿನದಿಂದ ಗಂಡನ ಅಣ್ಣನ ಬಗ್ಗೆ ಅವನು ಕೇಳುವಂತೆ ಒಂದು ಮಾತನ್ನೂ ಆಡದಿದ್ದ ಹೆಂಗಸು ಆಡಿದ ಮೊದಲ ಮಾತು ಅದು. ದೇವಪ್ಪನ ಮೀಸೆ ಮೊದಲು ಅಲುಗಿತು, ಆಮೇಲೆ ಭುಜ ಅಲುಗಿತು, ಕೊನೆಗೆ ಇಡೀ ದೋಣಿಯೇ ಅಲುಗುವಂತೆ ನಕ್ಕುಬಿಟ್ಟ.

“ತಾ ಇಲ್ಲಿ, ನೋಡೂಣು,” ಎಂದು ಎದ್ದು ಬಂದ. ಬಗ್ಗಿ ಇಣುಕಿದ. “ಏನೈತಿ ಇದ್ರಾಗ? ನನ್ನ ರುಮಾಲ ಕಾಣಾಕತ್ತೇತಿ. ಮೀಸಿ ಕಾಣಾಕತ್ತೇತಿ.”

ಜಮುನಾಬಾಯಿ ಗಂಡನ ಕಡೆ ತಿರುಗಿದಳು. “ಹೇಳ್ರಿ ಅವರಿಗೆ. ಮುಸುಕು ಹಾಕ್ಕೋಬೇಕಂತ.”

“ನಾನೇ ಹೇಳಬೇಕೇನು?” ರೂಪಲಪ್ಪ ಪಿಸುಗುಟ್ಟಿದ.

“ಮತ್ತ ನಾ ಮಾತಾಡೂ ಹಂಗಿಲ್ಲಲ್ರಿ!”

ದೇವಪ್ಪನಿಗೆ ಎಲ್ಲವೂ ಕೇಳಿಸಿತ್ತು. ಒಂದು ಸಲ ಸುತ್ತಲೂ ನೋಡಿದ. ತಾಂಡಾದವರು ಯಾರೂ ಇರಲಿಲ್ಲ. ಒಂದು ಸಲ ಆಕಾಶ ನೋಡಿದ. ಆಮೇಲೆ ತಲೆಯ ಮೇಲಿನ ರುಮಾಲಿಗೆ ಕೈ ಹಾಕಿ ಸುತ್ತು ಸುತ್ತಾಗಿ ಬಿಚ್ಚಿದ. ಬೋಳು ತಲೆಯ ಮೇಲಿಂದ ಕೆಂಪು ಬಟ್ಟೆಯನ್ನು ಎಳೆದುಕೊಂಡು, ಹೊಸ ಮದುಮಗಳ ಹಾಗೆ ಬಕೆಟ್ಟಿನ ಮೇಲೆ ಬಾಗಿದ.

ಅವನು ಮತ್ತೆ ತಲೆ ಎತ್ತುವಷ್ಟರಲ್ಲಿ ಕಾಯ್ತಾನ್ ಒಂದು ಬೀಡಿ ಸೇದಿ ಮುಗಿಸಿದ್ದ. ದೇವಪ್ಪನ ಕಣ್ಣು ಒದ್ದೆಯಾಗಿದ್ದವು. ಯಾರ ಕಡೆಯೂ ನೋಡದೆ, ಆದರೆ ಮಧ್ಯದಲ್ಲಿ ರೂಪಲಪ್ಪನನ್ನೂ ಇಟ್ಟುಕೊಳ್ಳದೆ, ನೇರವಾಗಿ ಅಂದ: “ಚಲೋ ಕೆಲಸ ಮಾಡಿದಿ, ಜಮುನಾ.”

ಕಾಯ್ತಾನ್ ಧುಮುಕಿ ಕವಡೆಯನ್ನು ತಂದುಕೊಡಲೇ ಎಂದು ಕೇಳಿದ. ಭೂರಿಬಾಯಿ ಅವನನ್ನು ಗದರಿದಳು. “ಇರಲಿ ಬಿಡು, ಅದರ ಮನ್ಯಾಗ ಅದು ಇರಲಿ. ನಾವೇನು ನೋಡಾಕ ಬಂದವರೋ, ದೋಚಾಕ ಬಂದವರೋ?” ದೋಣಿ ತಿರುಗಿದಾಗ ಅವಳು ನೀರಿಗೆ ಕೈ ಮುಗಿದಳು. ತುಟಿ ಅಲುಗುತ್ತಿದ್ದವು, ಏನು ಹೇಳಿಕೊಂಡಳೆಂದು ಜಮುನಾಬಾಯಿ ಕೇಳಲಿಲ್ಲ.

ಸಂಜೆ ಬಸ್ಸಿನ ಕಿಟಕಿಯಲ್ಲಿ ಮುದುಕಿ ಹಲ್ಲುದುರಿದ ಬಾಯಿ ತುಂಬ ನಗುತ್ತ ಹೋದಳು. ಆ ವರ್ಷದ ಹೋಳಿಯಲ್ಲಿ ತಾಂಡಾದ ಹೆಂಗಸರು ಅವಳನ್ನು ನಡುವೆ ಕೂರಿಸಿಕೊಂಡು ಕವಡೆಯ ಕಥೆಯನ್ನು ಮತ್ತೆ ಮತ್ತೆ ಹೇಳಿಸಿದರಂತೆ. ದೇವಪ್ಪ ಕಟ್ಟೆಯ ಮೇಲೆ ಹೇಳಿದ ಕಥೆಯಲ್ಲಿ ರುಮಾಲು ಬಿಚ್ಚಿದ ಭಾಗ ಮಾತ್ರ ಇರಲಿಲ್ಲ.

ಇತ್ತ ಬಸ್ಸು ಹೋದ ಮರುದಿನವೇ ಕಾಯ್ತಾನ್ ದಂಡೆಯಲ್ಲಿ ಜಮುನಾಬಾಯಿ ಹಾಸಿದ ಸೀರೆಯ ಮುಂದೆ ಬಂದು ನಿಂತ. ಅವನ ದೋಣಿಯಲ್ಲಿ ಈಜು ಬಾರದವರು, ಮೊಣಕಾಲು ನೋವಿನವರು, ಸೀರೆ ಉಟ್ಟವರು ಎಷ್ಟೋ ಜನ ಬಂದು, ಮಕ್ಕಳನ್ನು ನೀರಿಗೆ ಇಳಿಸಿ, ತಾವು ಅವರ ಚಪ್ಪಲಿ ಕಾಯುತ್ತ ಕೂರುತ್ತಿದ್ದರು. “ಆ ಬಕೆಟ್ಟು ನನಗೆ ಕೊಡು ಗೋ,” ಎಂದ.

“ಬಕೀಟ ಕೊಡಂಗಿಲ್ಲ ಬಾಬ್. ನಾನೂ ಬರ್ತೀನಿ.”

ಹಾಗೆ ಜಮುನಾಬಾಯಿ ದೋಣಿಯ ಮುಂದುಗಡೆಗೆ ಬಂದಳು. ಘುಗ್ರಿ, ಬಲಿಯಾ, ಕನ್ನಡಿ, ಒಂದನ್ನೂ ತೆಗೆಯದೆ ಬಂದಳು. ಕೊಲ್ಹಾಪುರದ ಅಜ್ಜಿಯರು, ಗುಜರಾತಿನ ಸೇಠರು, ಹುಬ್ಬಳ್ಳಿಯ ಅಧ್ಯಾಪಕಿಯರು ಅವಳ ಮುಂದೆ ಬಗ್ಗಿದರು. ಅವಳು ಅವರ ತಲೆಯ ಮೇಲೆ ಬಟ್ಟೆ ಎಳೆದು, “ಸ್ವಲ್ಪ ತಡೀರಿ, ಕಣ್ಣು ಕತ್ತಲಿಗೆ ಹೊಂದಲಿ. ಹವಳ ಮೊದಲು ಕಾಣತೈತಿ, ಆಮ್ಯಾಲ ಮೀನು. ಮೀನು ಹುಡುಕಬ್ಯಾಡ್ರಿ, ಅವ ಬರ್ತಾವ,” ಅನ್ನುತ್ತಿದ್ದಳು. ನೀರು ಕಲಕಿದ ದಿನ, “ಇವತ್ತ ಯಾಡಿಗೆ ಮನಸ್ಸಿಲ್ಲ,” ಎಂದು ಬಕೆಟ್ಟನ್ನು ಇಳಿಸುತ್ತಲೇ ಇರಲಿಲ್ಲ. ಆಗ ಕಾಯ್ತಾನನೂ ಸುಮ್ಮನಿರುತ್ತಿದ್ದ. ಹವಳ ಮುರಿದು ಜೇಬಿಗೆ ಹಾಕಿಕೊಳ್ಳಲು ಹೋದವನೊಬ್ಬನನ್ನು ಅವಳು ಬೈದ ಬೈಗುಳ ದಂಡೆಯವರೆಗೂ ಕೇಳಿಸಿತೆಂದು ಚಂದ್ರಿಬಾಯಿ ಇಂದಿಗೂ ಹೇಳುತ್ತಾಳೆ. ಚಂದ್ರಿಬಾಯಿಯೂ ಒಂದು ದಿನ ಮುಸುಕು ಎಳೆದುಕೊಂಡು ನೋಡಿ ಬಂದಳು. ಆಮೇಲೆ ಬೈತಲೆಯ ಮಾತನ್ನು ಅವಳು ಎತ್ತಲಿಲ್ಲ.

ಮುಂದಿನ ಚಳಿಗಾಲದಲ್ಲಿ ತಾಂಡಾದಿಂದ ಬಂದವರ ಕೈಯಲ್ಲಿ ದೇವಪ್ಪ ಒಂದು ಗಂಟು ಕಳಿಸಿದ. ಬಿಚ್ಚಿದರೆ ದಪ್ಪ ಕಪ್ಪು ಬಟ್ಟೆಯ ದೊಡ್ಡದೊಂದು ಮುಸುಕು; ಬಕೆಟ್ಟಿನ ಬಾಯಿಗೆ ಸರಿಯಾಗಿ ಕೂರುವಂತೆ ನೆರಿಗೆ ಹಿಡಿದು ಹೊಲಿದದ್ದು. ಒಳಗೆ ಒಂದೂ ಕನ್ನಡಿ ಇರಲಿಲ್ಲ. ಹೊರಗೆ ಅಂಚಿನುದ್ದಕ್ಕೂ ಭೂರಿಬಾಯಿಯ ಕೈಯ ಕವಡೆಗಳು, ಮದುಮಗಳ ಮುಸುಕಿಗೆ ಕಟ್ಟುವ ಹಾಗೆ, ಒಂದಕ್ಕೊಂದು ಒತ್ತಾಗಿ.

ಅದನ್ನು ಕಟ್ಟಿಕೊಂಡು ಬಕೆಟ್ಟು ಮೊದಲ ಸಲ ದೋಣಿ ಹತ್ತಿದ ಮುಂಜಾನೆ ಕಾಯ್ತಾನ್ ಸೊಂಟದ ಮೇಲೆ ಕೈಯಿಟ್ಟು ನೋಡಿದ. “ದೇವಾ! ಬಕೆಟ್ಟಿಗೆ ಮದುವೆ ಮಾಡಿದೆಯಾ ಜಮುನಾ?”

“ಹೌದ್ರಿ ಬಾಬ್.”

“ಯಾರ ಜೊತೆ?”

ಜಮುನಾಬಾಯಿ ಅಂಗೈಯಲ್ಲಿ ನೀರು ತೆಗೆದು ಹಣೆಗೆ ಮುಟ್ಟಿಸಿಕೊಂಡಳು. ಆಮೇಲೆ ಗದ್ದವೆತ್ತಿ ಎದುರಿನ ನೀಲಿಯನ್ನು ತೋರಿಸಿದಳು.

“ಹೆಣ್ಣಿನ ಕಡೇವ್ರು ಎಲ್ಲಾ ಹತ್ತೇವಿ. ಇನ್ನ ದೋಣಿ ಬಿಡ್ರಿ.”